ಕೇಜ್ ವೀಲ್ ಗದ್ದೆಗಿರಲಿ, ಟಾರು ರಸ್ತೆಗೆ ಬೇಡ

ನಾಲೆಗೆ ನೀರು ಬಿಟ್ಟು, ಒಟ್ಲು ಹಸಿರಾಗುವ ಹೊತ್ತಿಗೆ ಯಳಂದೂರು, ಕೊಳ್ಳೇಗಾಲದ ಭತ್ತದ ಊರುಗಳಲ್ಲಿ ಪ್ರತಿವರ್ಷ ಒಂದೇ ತಕರಾರು ಎದ್ದು ನಿಲ್ಲುತ್ತದೆ. ಕೆಸರುಗದ್ದೆ ಉಳಲು ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡ ಟ್ರ್ಯಾಕ್ಟರುಗಳು ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಹೋಗುವಾಗ ಟಾರು ರಸ್ತೆಯ ಮೇಲೇ ಓಡುತ್ತವೆ. ರಸ್ತೆ ಕಿತ್ತುಹೋಯಿತೆಂದು ಊರಿನವರು ದೂರುತ್ತಾರೆ. ಅಧಿಕಾರಿಗಳು ಎಚ್ಚರಿಕೆಯ ಪ್ರಕಟಣೆ ಕೊಡುತ್ತಾರೆ. ನಾಟಿ ಕಾಲದಲ್ಲಿ ರೈತನಿಗೆ ಕಿರುಕುಳ ಕೊಡಬೇಡಿ ಎಂದು ಟ್ರ್ಯಾಕ್ಟರ್ ಮಾಲೀಕರು ತಿರುಗಿಬೀಳುತ್ತಾರೆ. ನಾಟಿ ಮುಗಿದ ಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋಗುತ್ತಾರೆ. ರಸ್ತೆಯ ಗುಂಡಿಗಳು ಮುಂದಿನ ಮಳೆಗಾಲದವರೆಗೂ ಅಲ್ಲೇ ಇರುತ್ತವೆ.

ಈ ತಕರಾರಿನಲ್ಲಿ ನನ್ನ ನಿಲುವು ಇಷ್ಟು: ಕೇಜ್ ವೀಲ್ ಟಾರು ರಸ್ತೆಯನ್ನು ಮುಟ್ಟಲೇಬಾರದು. ಇದರಲ್ಲಿ ರಿಯಾಯಿತಿಗೆ ಜಾಗವಿಲ್ಲ. ಆದರೆ ಆ ನಿಯಮವನ್ನು ರೈತ ಪಾಲಿಸಲು ಆಗುವಂಥ ದಾರಿಯನ್ನು ಮೊದಲು ಮಾಡಿಕೊಡಬೇಕಾದದ್ದು ಆಡಳಿತ. ಆ ಕೆಲಸ ಬಿಟ್ಟು ಬರೀ ದಂಡದ ಮಾತಾಡುವುದು ಅನ್ಯಾಯ.

ಮೊದಲಿಗೆ ರೈತನ ಕಡೆಯ ಸತ್ಯವನ್ನು ಒಪ್ಪಿಕೊಳ್ಳೋಣ. ಕಬಿನಿ ನಾಲೆ, ಸುವರ್ಣಾವತಿ ಹೊಳೆ ಮತ್ತು ಕೆರೆಗಳ ನೀರು ಕಂಡ ಅಂಬಳೆ, ಅಗರ, ಮಾಂಬಳ್ಳಿ, ಕೆಸ್ತೂರು ಕಡೆಯ ಗದ್ದೆಗಳಲ್ಲಿ ನೀರು ನಿಲ್ಲಿಸಿ ಕೆಸರು ಮಾಡದೆ ನಾಟಿ ಇಲ್ಲ. ಆ ಕೆಸರಿನಲ್ಲಿ ರಬ್ಬರ್ ಟೈರು ನಿಂತಲ್ಲೇ ಸುತ್ತುತ್ತದೆ, ಹೂತುಕೊಳ್ಳುತ್ತದೆ. ಕೇಜ್ ವೀಲಿನ ಬಳೆಗಳ ಮೇಲೆ ಸಾಲಾಗಿ ಬೆಸೆದ ಆಂಗಲ್ ಪಟ್ಟಿಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ, ಟ್ರ್ಯಾಕ್ಟರಿನ ಭಾರವನ್ನು ಅಗಲಕ್ಕೆ ಹಂಚುತ್ತವೆ, ಹೆಂಟೆಯನ್ನು ಕಲಸಿ ಹದಕ್ಕೆ ತರುತ್ತವೆ. ಎತ್ತುಗಳು ಕೊಟ್ಟಿಗೆಯಿಂದ ಕಣ್ಮರೆಯಾದ ಮೇಲೆ ಈ ಸೀಮೆಯ ಭತ್ತದ ಬೇಸಾಯ ನಿಂತಿರುವುದೇ ಈ ಚಕ್ರದ ಮೇಲೆ. ಗದ್ದೆಯೊಳಗೆ ಅದು ಬೇಕೇ ಬೇಕು.

ಆದರೆ ಕೆಸರಿನಲ್ಲಿ ಉಪಕಾರ ಮಾಡುವ ಗುಣವೇ ಟಾರಿನ ಮೇಲೆ ಅಪಕಾರವಾಗುತ್ತದೆ. ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರಿನ ಹಿಂಭಾಗದ ಭಾರವೆಲ್ಲ ಗಟ್ಟಿ ನೆಲದ ಮೇಲೆ ಬೀಳುವುದು ಒಂದೆರಡು ಆಂಗಲ್ ಪಟ್ಟಿಗಳ ಅಂಚಿನ ಮೇಲೆ ಮಾತ್ರ. ಚಕ್ರ ಉರುಳಿದಂತೆಲ್ಲ ಒಂದಾದ ಮೇಲೊಂದು ಪಟ್ಟಿ ಸುತ್ತಿಗೆಯಂತೆ ಬಡಿಯುತ್ತದೆ. ಅಂಥ ಟ್ರ್ಯಾಕ್ಟರ್ ಹೋದ ರಸ್ತೆಯನ್ನು ಬಗ್ಗಿ ನೋಡಿ. ಗೇಣಿಗೊಂದರಂತೆ ಓರೆಯಾಗಿ ಬಿದ್ದ ಕಚ್ಚುಗಳು ಎರಡು ಸಾಲಾಗಿ ಉದ್ದಕ್ಕೂ ಹೋಗಿರುತ್ತವೆ. ಪ್ರತಿ ಕಚ್ಚಿನಲ್ಲೂ ಟಾರು ಬಿಟ್ಟು ಜಲ್ಲಿಯ ಬಿಳಿ ಮೈ ಕಾಣುತ್ತದೆ. ಅಂಚಿನ ಪುಡಿಯನ್ನು ಬೆರಳಿನಿಂದಲೇ ಎಬ್ಬಿಸಬಹುದು.

ನಮ್ಮ ಹಳ್ಳಿ ರಸ್ತೆಗಳ ಟಾರು ಎಷ್ಟು ತೆಳು ಎಂಬುದೂ ತಿಳಿದಿರಲಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಮಾದರಿಯ ರಸ್ತೆಗಳಲ್ಲಿ ಮೇಲ್ಪದರ ಸಾಮಾನ್ಯವಾಗಿ 20 ಮಿಲಿಮೀಟರು. ಆ ಪದರದ ಕೆಲಸವೇ ಮಳೆನೀರು ಕೆಳಗಿನ ಜಲ್ಲಿ ಹಾಸಿಗೆಗೆ ಇಳಿಯದಂತೆ ತಡೆಯುವುದು. ಕಚ್ಚು ಬಿದ್ದರೆ ನೀರು ಒಳಗೆ ಇಳಿಯುತ್ತದೆ, ಕೆಳಗಿನ ಮಣ್ಣು ಮೆತ್ತಗಾಗುತ್ತದೆ, ಮೇಲೆ ಬಸ್ಸು ಹೋದಾಗ ಜಲ್ಲಿ ಕಿತ್ತು ಬರುತ್ತದೆ. ಕೆಸರು ಉಳುಮೆಯ ಕಾಲವೂ ಮಳೆಯ ಕಾಲವೂ ಒಂದೇ ಆದ್ದರಿಂದ ಏಟು ಬಿದ್ದ ವಾರದಲ್ಲೇ ನೀರು ಕುಡಿಯುತ್ತದೆ. ಹತ್ತು ವರ್ಷ ಬಾಳಬೇಕಾದ ರಸ್ತೆ ಎರಡು ನಾಟಿಗೆ ಸೋಲುವುದು ಹೀಗೆ.

ಇದರ ಬೆಲೆ ತೆರುವವರು ಯಾರು? ಟ್ರ್ಯಾಕ್ಟರ್ ಇಲ್ಲದವರು. ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿ, ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೊರಟವನು, ಹೆರಿಗೆ ನೋವು ಕಾಣಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಆಟೊ ಹತ್ತಿದ ಹೆಂಗಸು. ರೈತನೂ ಇದರಿಂದ ಹೊರಗಿಲ್ಲ. ಕೊಯ್ಲು ಯಂತ್ರ ಬರಬೇಕಾದದ್ದು, ಭತ್ತ ಮಿಲ್ಲಿಗೆ ಹೋಗಬೇಕಾದದ್ದು ಅದೇ ರಸ್ತೆಯಲ್ಲಿ. ಗುಂಡಿ ರಸ್ತೆಯ ಊರಿಗೆ ಬರುವ ಲಾರಿಯವನು ಬಾಡಿಗೆ ಹೆಚ್ಚಿಗೆ ಕೇಳಿದರೆ ಆ ಹಣವೂ ಬೆಳೆಗಾರನ ಜೇಬಿನದೇ.

ಟ್ರ್ಯಾಕ್ಟರ್ ಮಾಲೀಕರು ಮುಂದಿಡುವ ವಾದಗಳನ್ನು ಒಂದೊಂದಾಗಿ ನೋಡೋಣ. ‘ಕರಿಕಲ್ಲಿನ ಲಾರಿ, ಟಿಪ್ಪರು, ಕಬ್ಬಿನ ಗಾಡಿ ರಸ್ತೆ ಹಾಳು ಮಾಡುವುದಿಲ್ಲವೇ? ನಮ್ಮ ಮೇಲೇ ಏಕೆ ಕಣ್ಣು?’ ಎನ್ನುವುದು ಮೊದಲನೆಯದು. ಮಿತಿಮೀರಿ ಹೇರಿದ ಲಾರಿಗಳು ರಸ್ತೆ ಹಾಳು ಮಾಡುತ್ತವೆ, ಅವುಗಳನ್ನು ಹಿಡಿಯದೆ ಬಿಡುವುದು ಇಲಾಖೆಯ ನಾಚಿಕೆಗೇಡು. ಆದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಪರವಾನಗಿಯಾಗುವುದಿಲ್ಲ. ಎರಡೂ ನಿಲ್ಲಬೇಕು.

‘ರಸ್ತೆ ಕಳಪೆ, ಹಾಗಾಗಿ ಕಿತ್ತುಬರುತ್ತದೆ’ ಎನ್ನುವುದು ಎರಡನೆಯದು. ಇದರಲ್ಲೂ ನಿಜವಿದೆ. ಗ್ರಾಮ ಸಡಕ್ ರಸ್ತೆಗಳನ್ನು ಐದು ವರ್ಷ ನಿರ್ವಹಿಸುವ ಹೊಣೆ ಗುತ್ತಿಗೆದಾರನದು. ಕಳಪೆ ಮಾಡಿದವನಿಗೆ ಕೇಜ್ ವೀಲಿನ ಕಚ್ಚುಗಳಷ್ಟು ಅನುಕೂಲದ ನೆಪ ಇನ್ನೊಂದಿಲ್ಲ. ‘ಟ್ರ್ಯಾಕ್ಟರಿನವರು ಹಾಳು ಮಾಡಿದರು’ ಎಂದು ಕೈತೊಳೆದುಕೊಳ್ಳಬಹುದು. ಆದ್ದರಿಂದ ಗುಣಮಟ್ಟದ ಬಗ್ಗೆ ಲೆಕ್ಕ ಕೇಳುವ ಊರು ಮೊದಲು ತನ್ನ ಕೇಜ್ ವೀಲುಗಳನ್ನು ರಸ್ತೆಯಿಂದ ಕೆಳಗಿಳಿಸಬೇಕು. ಆಗ ಗುತ್ತಿಗೆದಾರನಿಗೆ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ.

ಮೂರನೆಯ ವಾದ ಗಟ್ಟಿಯಾದದ್ದು: ‘ಬಿಚ್ಚಿ ಹಾಕಲು ಹೊತ್ತೆಲ್ಲಿದೆ?’ ಕೆಸರು ಉಳುಮೆಗೆ ಬಾಡಿಗೆ ಗಂಟೆ ಲೆಕ್ಕದಲ್ಲಿ. ಪೂರ್ತಿ ಕೇಜ್ ವೀಲ್ ಹಾಕಿದರೆ ರಬ್ಬರ್ ಟೈರನ್ನು ಕಳಚಿ ಬದಿಗಿಡಬೇಕು. ಮತ್ತೆ ರಸ್ತೆಗೆ ಬರುವ ಮುಂಚೆ ಜಾಕ್ ಕೊಟ್ಟು, ಕೆಸರು ಮೆತ್ತಿದ ಬೋಲ್ಟುಗಳನ್ನು ಬಿಚ್ಚಿ, ಒಬ್ಬನಿಂದ ಎತ್ತಲಾಗದ ಚಕ್ರವನ್ನು ಇಬ್ಬರು ಹಿಡಿದು ತೆಗೆಯಬೇಕು. ಮಳೆಯಲ್ಲಿ, ಜಾರುವ ತೆವರಿಯ ಪಕ್ಕದಲ್ಲಿ, ಮುಂದಿನ ಗದ್ದೆಯವನು ಆಳು ಕರೆದುಕೊಂಡು ಕಾಯುತ್ತಿರುವಾಗ ಇದು ಸಣ್ಣ ಮಾತಲ್ಲ. ಪೊಲೀಸ್ ಪ್ರಕಟಣೆ ಬರೆಯುವವರು ಒಮ್ಮೆಯಾದರೂ ನಿಂತು ನೋಡಬೇಕಾದ ಕೆಲಸ ಅದು.

ಹಾಗಾದರೆ ದಾರಿ ಯಾವುದು? ಈ ಪ್ರಶ್ನೆ ನಮಗೇ ಮೊದಲು ಎದುರಾದದ್ದಲ್ಲ. ನೂರು ವರ್ಷದ ಹಿಂದೆ ಅಮೆರಿಕ, ಇಂಗ್ಲೆಂಡುಗಳ ಟ್ರ್ಯಾಕ್ಟರುಗಳಿಗೂ ಇದ್ದದ್ದು ಹಲ್ಲಿನ ಕಬ್ಬಿಣದ ಚಕ್ರವೇ. ಗಟ್ಟಿ ರಸ್ತೆಗೆ ಬರುವ ಮುಂಚೆ ಹಲ್ಲುಗಳ ಮೇಲೆ ನಯವಾದ ಕಬ್ಬಿಣದ ಪಟ್ಟಿ ಬಿಗಿದುಕೊಳ್ಳುವ ರೂಢಿ ಅಲ್ಲಿತ್ತು. 1932ರಲ್ಲಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂದ ಮೇಲೆ ಆ ಜಗಳ ಕ್ರಮೇಣ ತಣ್ಣಗಾಯಿತು. ಹಿಮದ ದೇಶಗಳಲ್ಲಿ ಹಿಡಿತಕ್ಕಾಗಿ ಟೈರಿಗೆ ಕಬ್ಬಿಣದ ಮೊಳೆ ಹಾಕುತ್ತಿದ್ದರು. ರಸ್ತೆ ಸವೆಯುವುದನ್ನು ಕಂಡು ಅಮೆರಿಕದ ಮಿನ್ನೆಸೋಟಾ ರಾಜ್ಯ 1971ರಲ್ಲಿ ಅದನ್ನು ನಿಷೇಧಿಸಿತು. ಮೊಳೆಯಿಂದ ಏಳುವ ರಸ್ತೆ ಧೂಳನ್ನು ತಡೆಯಲು ಜಪಾನ್ 1990ರಲ್ಲಿ ಕಾಯ್ದೆಯನ್ನೇ ಮಾಡಿತು.

ಮಿನ್ನೆಸೋಟಾದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಪಟ್ಟೆಗೂ ಮೊಳೆ ಬಡಿಯುತ್ತಾರೆ. ಆ ಮೊಳೆ ಗಾಡಿಯದೇ ಒಳಮೈ ತಗಡನ್ನು ಸೀಳದಿರಲೆಂದು ಮೊದಲೇ ರಕ್ಷಣೆಯ ಪಟ್ಟಿ ಕೂರಿಸುತ್ತಾರೆ. ಅಷ್ಟಾದರೂ ಮೊಳೆ ಪಟ್ಟೆಯ ಗಾಡಿಯನ್ನು ಟಾರು ಹಾಕಿದ ಸಾರ್ವಜನಿಕ ಹಾದಿಗೆ ತರುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಕೇಜ್ ವೀಲ್ ಮಡ್‌ಗಾರ್ಡಿಗೆ ತಾಗದಂತೆ ಅಂತರ ನೋಡಿ ಹಾಕಿಸುವ, ಏಟು ಬೀಳುವ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡು ಬೆಸೆಸುವ ನಮ್ಮ ಮಾಲೀಕರಿಗೆ ಈ ಎಚ್ಚರ ಹೊಸದಲ್ಲ. ಸ್ವಂತ ಗಾಡಿಯ ಮೈಗೆ ತೋರಿಸುವ ಆ ಎಚ್ಚರವನ್ನು ಊರಿನ ರಸ್ತೆಗೂ ತೋರಿಸಿ ಎಂದಷ್ಟೇ ಕೇಳುತ್ತಿರುವುದು.

ನಮ್ಮಲ್ಲೂ ಕಾನೂನಿಗೆ ಕೊರತೆಯಿಲ್ಲ. ಸಾರ್ವಜನಿಕ ಆಸ್ತಿಗೆ ಹಾನಿ ತಡೆಯುವ 1984ರ ಕಾಯ್ದೆಯಲ್ಲಿ ಐದು ವರ್ಷದವರೆಗಿನ ಜೈಲು ಶಿಕ್ಷೆಗೆ ಅವಕಾಶವಿದೆ. ಆದರೆ ನಾಟಿಗೆ ಹೊರಟ ಚಾಲಕನನ್ನು ಜೈಲಿಗೆ ಕಳಿಸಿ ರಸ್ತೆ ಉಳಿಸಿದ ಊರು ಎಲ್ಲೂ ಇಲ್ಲ. ಆಗಬೇಕಾದ ಕೆಲಸಗಳು ಬೇರೆ ಇವೆ.

ಒಂದು, ಬಂಡಿದಾರಿ. ನಮ್ಮ ಹಿರಿಯರ ಎತ್ತಿನ ಗಾಡಿಗಳು ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದದ್ದು ಗ್ರಾಮ ನಕಾಶೆಯಲ್ಲಿ ಗೆರೆ ಎಳೆದು ತೋರಿಸಿದ ದಾರಿಗಳಲ್ಲಿ. ಇಂದು ಅವುಗಳಲ್ಲಿ ಎಷ್ಟೋ ದಾರಿಗಳನ್ನು ಅಕ್ಕಪಕ್ಕದವರು ತೆವರಿ ಸರಿಸಿ ಸರಿಸಿ ನುಂಗಿದ್ದಾರೆ. ನುಂಗಿದವರೂ ರೈತರೇ ಎಂಬುದನ್ನು ನಾವು ಒಪ್ಪಬೇಕು. ಬಂಡಿದಾರಿ ಹೋದದ್ದರಿಂದಲೇ ಟ್ರ್ಯಾಕ್ಟರ್ ಟಾರು ರಸ್ತೆಗೆ ಬಂದಿದೆ. ತಹಶೀಲ್ದಾರರು ನಕಾಶೆ ಹಿಡಿದು ಸರ್ವೆ ಮಾಡಿಸಿ ಈ ದಾರಿಗಳನ್ನು ಬಿಡಿಸಲಿ. ಬಿಡಿಸಿದ ದಾರಿಗೆ ಉದ್ಯೋಗ ಖಾತ್ರಿಯ ‘ನಮ್ಮ ಹೊಲ ನಮ್ಮ ದಾರಿ’ಯಂಥ ಕಾಮಗಾರಿಯಲ್ಲಿ ಗ್ರಾಮ ಪಂಚಾಯಿತಿ ಗ್ರಾವೆಲ್ ಹಾಕಿಸಲಿ. ರಸ್ತೆಯನ್ನು ಅಡ್ಡ ದಾಟಲೇಬೇಕಾದ ಜಾಗಗಳನ್ನು ಗುರುತಿಸಿ, ಅಲ್ಲಿ ಮಾತ್ರ ದಪ್ಪ ಕಾಂಕ್ರೀಟಿನ ಪಟ್ಟಿ ಹಾಕಲಿ.

ಎರಡು, ಚಕ್ರ. ರಬ್ಬರ್ ಟೈರನ್ನು ಉಳಿಸಿಕೊಂಡೇ ಅದರ ಪಕ್ಕಕ್ಕೆ ಬೋಲ್ಟು ಮಾಡುವ ಅರ್ಧ ಕೇಜ್ ವೀಲ್ ಈಗಾಗಲೇ ಬಳಕೆಯಲ್ಲಿದೆ. ಅದರ ಸುತ್ತಳತೆ ಟೈರಿಗಿಂತ ಚಿಕ್ಕದಿದ್ದರೆ ಗಟ್ಟಿ ನೆಲದಲ್ಲಿ ಟೈರೇ ಭಾರ ಹೊರುತ್ತದೆ, ಕೆಸರಿನಲ್ಲಿ ಇಳಿದಾಗ ಕಬ್ಬಿಣ ಹಿಡಿಯುತ್ತದೆ. ಎಲ್ಲ ಗದ್ದೆಗೂ ಅದು ಸಾಲದು. ಆಳದ ಕೆಸರಿಗೆ ಪೂರ್ತಿ ಚಕ್ರವೇ ಬೇಕು. ಅಂಥಲ್ಲಿ ಚಕ್ರಗಳನ್ನು ಟ್ರೇಲರಿನಲ್ಲಿ ಹೇರಿಕೊಂಡು ಹೋಗಿ ಗದ್ದೆ ಬದಿಯಲ್ಲಿ ಹಾಕಿಕೊಳ್ಳಲಿ. ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಕೊಡುವ ಯಂತ್ರಗಳ ಪಟ್ಟಿಯಲ್ಲಿ ಅರ್ಧ ಕೇಜ್ ವೀಲನ್ನೂ, ಟೈರಿಗಿಂತ ಎತ್ತರವಾಗದ ಅಳತೆಯನ್ನೂ ಸೇರಿಸಲಿ.

ಮೂರು, ಸರದಿ. ಚಕ್ರ ಬಿಚ್ಚುವ ತಾಪತ್ರಯ ಹುಟ್ಟುವುದೇ ಇವತ್ತು ಈ ಮೂಲೆ, ನಾಳೆ ಆ ಮೂಲೆ ಎಂದು ಓಡಾಡುವುದರಿಂದ. ಒಂದು ತೂಬಿನ ಕೆಳಗಿನ ಗದ್ದೆಯವರು ಕೂತು ಮಾತಾಡಿ ಬಯಲು ಪೂರ್ತಿಯನ್ನು ಒಂದೇ ಸರದಿಯಲ್ಲಿ ಉಳುಮೆ ಮಾಡಿಸಿದರೆ ಟ್ರ್ಯಾಕ್ಟರ್ ರಸ್ತೆಗೆ ಬರುವ ಅಗತ್ಯವೇ ಕಡಿಮೆಯಾಗುತ್ತದೆ. ನೀರು ಹಂಚಿಕೊಳ್ಳಲು ಸರದಿ ಗೊತ್ತಿರುವ ಊರಿಗೆ ಉಳುಮೆಯ ಸರದಿ ಅಸಾಧ್ಯವಲ್ಲ.

ಈ ಮೂರೂ ಕೆಲಸಗಳಿಗೆ ಕಾಲ ನಾಲೆಗೆ ನೀರು ಬಿಡುವ ಮುಂಚೆ. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನೀರು ಬಿಡುವ ದಿನ ಗೊತ್ತುಮಾಡುವಾಗಲೇ ಲೋಕೋಪಯೋಗಿ, ಕಂದಾಯ, ಕೃಷಿ ಇಲಾಖೆಯವರು ಮತ್ತು ರೈತ ಸಂಘದವರು ಕೇಜ್ ವೀಲಿನ ವಿಷಯವನ್ನೂ ತೀರ್ಮಾನಿಸಲಿ. ಇಷ್ಟು ಮಾಡಿದ ಮೇಲೂ ಯಾರಾದರೂ ಕಬ್ಬಿಣದ ಚಕ್ರವನ್ನು ಟಾರಿನ ಮೇಲೆ ಓಡಿಸಿದರೆ ಮುಲಾಜಿಲ್ಲದೆ ದಂಡ ಹಾಕಿ. ಆ ಹಣ ಎಲ್ಲೋ ಹೋಗದೆ ಅದೇ ರಸ್ತೆಯ ರಿಪೇರಿಗೆ ಬರಲಿ.

ಟ್ರ್ಯಾಕ್ಟರ್ ಮಾಲೀಕರಿಗೆ ಕೊನೆಯದಾಗಿ ಒಂದು ಮಾತು. ಈ ರಸ್ತೆ ಬೇಕೆಂದು ಅರ್ಜಿ ಹಿಡಿದು ಶಾಸಕರ ಮನೆ, ಪಂಚಾಯಿತಿ ಕಚೇರಿ ಅಲೆದವರು ನಿಮ್ಮ ಊರಿನವರೇ. ಸರ್ಕಾರ ಬಂಡಿದಾರಿ ಬಿಡಿಸುವವರೆಗೆ ಕಾಯಬೇಡಿ. ಈ ನಾಟಿಯಿಂದಲೇ ಕೇಜ್ ವೀಲನ್ನು ಗದ್ದೆ ಬದಿಯಲ್ಲಿ ಬಿಚ್ಚಿ, ಟೈರಿನ ಮೇಲೆ ರಸ್ತೆಗೆ ಬನ್ನಿ. ಆಮೇಲೆ ಬಂಡಿದಾರಿ ಎಲ್ಲಿ ಎಂದು ತಾಲ್ಲೂಕು ಕಚೇರಿಯ ಮುಂದೆ ನಿಂತು ಕೇಳಿ. ಆಗ ಇಡೀ ಊರು ನಿಮ್ಮ ಜೊತೆ ನಿಲ್ಲುತ್ತದೆ.