ಮನೆಯಲ್ಲಿ ಕನ್ನಡವಿಲ್ಲವೆಂಬ ನೆಪ

"ಮನೆಯಲ್ಲಿ ಕನ್ನಡವಿಲ್ಲ, ಇನ್ನು ಓದು ಎಲ್ಲಿಂದ ಬರಬೇಕು ಹೇಳಿ!"

ನಮ್ಮ ಕಡೆಯ ಶಾಲೆಗಳ ಸ್ಟಾಫ್ ರೂಮಿನಲ್ಲಿ ಟೀ ಲೋಟದ ಜೊತೆಗೇ ಕೈಯಿಂದ ಕೈಗೆ ದಾಟುವ ಮಾತು ಇದು. ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠ ಓದಲಾರದು ಎಂದು ನೀವು ಅಂದಿರೋ, ಈ ಉತ್ತರ ಸಿದ್ಧವಾಗಿರುತ್ತದೆ. ತಪಾಸಣೆಗೆ ಬಂದ ಮೇಲಿನವರು ಕೇಳಿದರೂ ಇದೇ ಉತ್ತರ. ಅವರೂ ತಲೆಯಾಡಿಸಿ, "ಹೌದೌದು, ಗಡಿಭಾಗ ನೋಡಿ" ಎಂದು ಜೀಪು ಹತ್ತುತ್ತಾರೆ. ಅಲ್ಲಿಗೆ ಮೇಷ್ಟರೂ ಗೆದ್ದರು, ಇಲಾಖೆಯೂ ಗೆದ್ದಿತು. ಮಗು ಮಾತ್ರ ಸೋತಿತು. ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಮುತ್ತ ಪಾಠ ಹೇಳುತ್ತ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಈ ಮಾತು ಕೇಳಿದ್ದೇನೆ. ಇದನ್ನು ನಾನು ಶುದ್ಧ ನೆಪವೆನ್ನುತ್ತೇನೆ.

ನಮ್ಮ ಊರುಗಳ ಕಥೆ ನಿಮಗೆ ಗೊತ್ತಿರುವುದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಯ ಕೆಲಸ ಕೈಗೆತ್ತಿಕೊಂಡಿತು. ಆ ಮೇಲೆ ಉತ್ತರ ಆರ್ಕಾಟಿನ ಕಡೆಯಿಂದ ತಮಿಳು ಮಾತಾಡುವ ಕೂಲಿ ಜನ ಬಂದು ಗಣಿಯ ಲೈನುಗಳಲ್ಲಿ ನೆಲೆಸಿದರು. ತೆಲುಗು ಮಾತಾಡುವವರೂ ಬಂದರು, ಸುತ್ತಲಿನ ಹಳ್ಳಿಗಳಲ್ಲಿ ತೆಲುಗು ಮೊದಲೇ ಇತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಊರಿಗೆ ಊರೇ ರೈಲು ಹತ್ತಿತು. ಇವತ್ತಿಗೂ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಗಳಲ್ಲಿ ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ನಿಂತುಕೊಂಡೇ ಹೋಗುತ್ತಾರೆ, ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ ಸೇರುತ್ತಾರೆ. ಇಂಥ ಮನೆಗೆ "ಇವತ್ತಿನ ಹೋಮ್‌ವರ್ಕು ಅಮ್ಮನ ಹತ್ತಿರ ಕೇಳಿಕೊಂಡು ಬಾ" ಎಂದು ಬರೆದು ಕಳಿಸುವವರಿಗೆ ಏನು ಹೇಳೋಣ?

ಆದರೆ ಆ ಮಗುವನ್ನೇ ಸ್ವಲ್ಪ ಗಮನಿಸಿ ನೋಡಿ. ಅಜ್ಜಿಯ ಹತ್ತಿರ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಸಿನಿಮಾ ಯಾವ ಭಾಷೆಯದಾದರೂ ಸರಿ. ಏಳು ವರ್ಷದ ಮಗುವಿನ ನಾಲಗೆಯ ಮೇಲೆ ಮೂರು ಭಾಷೆ ಕುಣಿಯುತ್ತಿದ್ದರೆ ಅದನ್ನು ಬಡತನವೆಂದು ದಾಖಲೆಯಲ್ಲಿ ಬರೆಯುವ ಜಾಣರು ನಾವು. ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕನ್ನಡದ ಆಸ್ತಿ ಎಂದು ಅವರನ್ನೇ ಕರೆದೆವು, 1983ರ ಜ್ಞಾನಪೀಠವೂ ಅವರಿಗೇ ಬಂತು. ಬೇಂದ್ರೆಯವರ ಮನೆಮಾತು ಮರಾಠಿ. ಅವರ ಮೇಷ್ಟರುಗಳು ಸದ್ಯ ಗಡಿಭಾಗದ ನೆಪ ಹೇಳಲಿಲ್ಲ!

ಪಾಠದ ಮಾತಿಗೇ ಬರುತ್ತೇನೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಅಕ್ಷರ ಒಂದೇ. ಮನೆಯಲ್ಲಿ ಅಕ್ಕ ಅಣ್ಣ ಓದುವ ತಮಿಳು ನೋಡಿ ಬೆಳೆದ ಮಗು 'ಗಿಡ'ವನ್ನು 'ಕಿಡ' ಎಂದು ಬರೆದರೆ ಅದು ದಡ್ಡತನವಲ್ಲ, ಕಿವಿ ಪಳಗಬೇಕಾಗಿದೆ ಅಷ್ಟೆ. ಹತ್ತು ದಿನ ಕ-ಗ, ಪ-ಬ, ತ-ದ ಜೋಡಿಗಳನ್ನು ಆಟವಾಡಿಸಿ ಹೇಳಿಸಿದರೆ ಕಿವಿ ಹಿಡಿದುಕೊಳ್ಳುತ್ತದೆ. ಇನ್ನು ಮನೆಮಾತು ನಮಗೆ ಕೊಡುವ ನೆರವಂತೂ ಕೇಳಲೇಬೇಡಿ. ತಮಿಳಿನ ಮಗು ಪಾಲ್, ಪುಲಿ, ಪೂ, ಪತ್ತು, ಪಾಂಬು ಎನ್ನುತ್ತದೆ. ತೆಲುಗಿನ ಮಗು ಪಾಲು, ಪುಲಿ, ಪುವ್ವು, ಪದಿ, ಪಾಮು ಎನ್ನುತ್ತದೆ. ಕನ್ನಡದಲ್ಲಿ ಹಾಲು, ಹುಲಿ, ಹೂವು, ಹತ್ತು, ಹಾವು. ಕಪ್ಪು ಹಲಗೆಯ ಮೇಲೆ ಇವನ್ನು ಮೂರು ಸಾಲಾಗಿ ಬರೆದು ಸುಮ್ಮನೆ ನಿಂತುಕೊಳ್ಳಿ. ಎರಡು ನಿಮಿಷದಲ್ಲಿ ಯಾವುದೋ ಮೂಲೆಯಿಂದ "ಮಿಸ್, ಪ ಎಲ್ಲಾ ಹ ಆಗೋಯ್ತು!" ಎಂಬ ಕೂಗು ಬರುತ್ತದೆ. ಒಂದೇ ಏಟಿಗೆ ಹತ್ತಾರು ಶಬ್ದ ಮಗುವಿನ ಕೈಸೇರಿತು. ಹಳಗನ್ನಡದಲ್ಲಿ ನಮ್ಮ ಪಂಪನೂ ಪಾಲ್, ಪುಲಿ ಎಂದೇ ಬರೆದವನು. ಇವತ್ತು ನಮ್ಮ ಶಾಲೆಗೆ ಸೇರಿದ್ದರೆ ಅವನ ನೋಟುಬುಕ್ಕಿಗೂ ಕೆಂಪು ಶಾಯಿ ಬೀಳುತ್ತಿತ್ತು.

ಹಾಗಾದರೆ ಓದು ಬಾರದ್ದು ಯಾಕೆ? ನಾವು ಓದು ಕಲಿಸುವುದಿಲ್ಲ, ಬರೆಸುತ್ತೇವೆ. ಅದೂ ನೋಡಿಕೊಂಡು.

ಐದನೆಯ ತರಗತಿಯ ಒಬ್ಬ ಹುಡುಗಿಯ ನೋಟುಬುಕ್ಕು ನನ್ನ ಕಣ್ಣ ಮುಂದಿದೆ. ಬ್ರೌನ್ ಪೇಪರಿನ ಹೊದಿಕೆ, ಅಂಚಿಗೆ ಕೆಂಪು ಗೆರೆ, ಮುತ್ತು ಪೋಣಿಸಿದಂಥ ಅಕ್ಷರ. ಪಾಠದ ಹಿಂದಿನ ಪ್ರಶ್ನೆಗಳಿಗೆಲ್ಲ ಉತ್ತರ, ಪ್ರತಿ ಪುಟಕ್ಕೂ ರುಜು, ಅಲ್ಲಲ್ಲಿ 'ಉತ್ತಮ'. ಅದೇ ನೋಟುಬುಕ್ಕಿನ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದೇನು ಓದಮ್ಮ" ಎಂದೆ. ಹುಡುಗಿ ನೆಲ ನೋಡಿದಳು. ತಾನೇ ಬರೆದ ಸಾಲು! ಹಲಗೆಯ ಮೇಲಿನ ಅಕ್ಷರಗಳನ್ನು ರಂಗೋಲಿಯ ಹಾಗೆ ಎಳೆದು ಎಳೆದು ಇಳಿಸಿಕೊಂಡಿದ್ದಳು. ನಾಲ್ಕು ವರ್ಷ ಅವಳು ಮಾಡಿದ್ದು ಚಿತ್ರಕಲೆ. ಇದನ್ನು ನಾವು ಬರವಣಿಗೆ ಎಂದು ಕರೆದೆವು. ಮನೆಯಲ್ಲೂ ಎಲ್ಲರೂ ಅಕ್ಷರ ಎಷ್ಟು ಚೆಂದ ಎಂದು ಮುದ್ದಿಸಿದರು. ಅದೇ ತರಗತಿಯಲ್ಲಿ ಮನೆಮಾತು ಕನ್ನಡವೇ ಆಗಿದ್ದ ಮಕ್ಕಳೂ ಇದ್ದರು. ಅವರಲ್ಲಿ ಅರ್ಧ ಮಂದಿಯ ನೋಟುಬುಕ್ಕಿನ ಕಥೆಯೂ ಇದೇ.

ಲೆಕ್ಕದಲ್ಲಂತೂ ನೆಪ ಇನ್ನಷ್ಟು ಬಯಲಾಗುತ್ತದೆ. 52ರಲ್ಲಿ 17 ಕಳೆ ಎಂದರೆ ನಮ್ಮ ಮಕ್ಕಳು ಸಾಲುಸಾಲಾಗಿ 45 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಡುವುದು! ಮುನ್ನೂರ ಏಳು ಬರೆ ಎಂದರೆ 3007. ಮುನ್ನೂರು ಬರೆದು ಪಕ್ಕಕ್ಕೆ ಏಳು. ತಮಿಳಿನ ಮಗುವೂ ಹೀಗೇ ಬರೆಯುತ್ತದೆ, ಕನ್ನಡದ ಮಗುವೂ ಹೀಗೇ ಬರೆಯುತ್ತದೆ. ಇದರಲ್ಲಿ ಮನೆಮಾತಿನ ಪಾಪವೇನು? ಸಂಜೆ ಬಂಗಾರಪೇಟೆಯಲ್ಲಿ ಅಪ್ಪನ ಪಾನಿಪೂರಿ ಗಾಡಿಯ ಹತ್ತಿರ ನಿಲ್ಲುವ ಹುಡುಗ ನೂರರ ನೋಟಿಗೆ ಚಿಲ್ಲರೆ ಕೊಡುವಾಗ ಒಂದು ರೂಪಾಯಿ ತಪ್ಪುವುದಿಲ್ಲ. ಬೆಳಿಗ್ಗೆ ಅದೇ ಹುಡುಗನ ಹಾಳೆಯಲ್ಲಿ 45. ಅವನ ತಲೆಯ ಲೆಕ್ಕಕ್ಕೂ ಹಾಳೆಯ ಲೆಕ್ಕಕ್ಕೂ ನಾವು ಸೇತುವೆಯನ್ನೇ ಕಟ್ಟಿಲ್ಲ. "ದಶಕ ಸಾಲ ತಗೊಂಡೆ" ಎಂದು ಬಾಯಿಪಾಠ ಮಾಡಿಸಿದೆವು. ಸಾಲ ಯಾರ ಹತ್ತಿರ, ಎಷ್ಟು ಎಂಬುದು ಅವನಿಗೆ ತಿಳಿಯದು. ಹತ್ತು ಹತ್ತು ಕಡ್ಡಿಗೆ ದಾರ ಕಟ್ಟಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಡಿ. ಒಂದು ಕಟ್ಟು ತಾನೇ ಬಿಚ್ಚಿ, ಹನ್ನೆರಡರಲ್ಲಿ ಏಳು ತೆಗೆದು, ಉಳಿದ ನಾಲ್ಕು ಕಟ್ಟಿನಲ್ಲಿ ಒಂದು ಪಕ್ಕಕ್ಕಿಟ್ಟ ಮೇಲೆ ಆ ಹುಡುಗ ಮತ್ತೆ 45 ಬರೆದರೆ ಕೇಳಿ.

ಗಡಿಭಾಗದ ನೆಪಕ್ಕೆ ಇನ್ನೊಂದು ಉತ್ತರವಿದೆ. 'ಪ್ರಥಮ್' ಸಂಸ್ಥೆಯವರು 2005ರಿಂದ 'ಅಸರ್' ಎಂಬ ಸಮೀಕ್ಷೆ ನಡೆಸುತ್ತಿದ್ದಾರೆ. ಮನೆಮನೆಗೆ ಹೋಗಿ, ಮಗುವಿನ ಕೈಗೆ ಎರಡನೆಯ ತರಗತಿಯ ಒಂದು ಸಣ್ಣ ಕಥೆ ಕೊಟ್ಟು ಓದಿಸುತ್ತಾರೆ. 2024ರಲ್ಲಿ ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಅದನ್ನು ಓದಿದವರು ಸುಮಾರು ಅರ್ಧದಷ್ಟು ಮಾತ್ರ. ಮನೆಯಲ್ಲೂ ತಮಿಳು, ಶಾಲೆಯಲ್ಲೂ ತಮಿಳು ಇರುವ ಪಕ್ಕದ ತಮಿಳುನಾಡು ಆ ಸರಾಸರಿಗಿಂತಲೂ ಕೆಳಗಿತ್ತು. ಅಲ್ಲಿನ ಮೇಷ್ಟರು ಯಾವ ನೆಪ ಹೇಳುತ್ತಾರೋ!

ದಾರಿ ಇಲ್ಲವೆಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ನಮ್ಮ ಜಿಲ್ಲೆಯ ಗಡಿಯಾಚೆ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು 'ನಲಿಕಲಿ' ಶುರುಮಾಡಿದರು. (ಬಗಲಲ್ಲೇ ಇದ್ದ ನಾವು ನೋಡಲಿಲ್ಲ, ಕಾಡಂಚಿನವರು ಬಂದು ನೋಡಿದರು.) 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಶುರುವಾದಾಗ ಎಷ್ಟೋ ತಾಯಂದಿರು ಜಗಳಕ್ಕೇ ಬಂದಿದ್ದರು. ಐದು ಅಕ್ಷರ ಕಲಿತ ದಿನವೇ ಮಗು ಸರ, ದರ, ರಸ, ಅರಸ ಎಂದು ಓದಿದಾಗ ಅವರೇ ನಕ್ಕರು. ತನ್ನ ಮೆಟ್ಟಿಲು ಹತ್ತಿದ ಮೇಲೆ ಮುಂದಿನ ಮೆಟ್ಟಿಲು, ಪಕ್ಕದವನ ಅವಸರ ಇವನಿಗಿಲ್ಲ. ಚೆಂದದ ವ್ಯವಸ್ಥೆ. ಆದರೆ ಮೂರನೆಯ ತರಗತಿಗೆ ಏಣಿ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟೊಡನೆ, ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಯಾರೂ ಕೇಳದೆ ದಪ್ಪ ಪುಸ್ತಕ ಕೈಗೆ ಹಾಕುತ್ತಾರೆ. ಕಾಪಿ ನೋಟ್ಸು ಶುರುವಾಗುವುದೂ ಅಲ್ಲಿಂದಲೇ.

2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಮೂರು ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ ಮಕ್ಕಳನ್ನು ಅದೇ ಬಡಾವಣೆಯ ಹೆಣ್ಣುಮಕ್ಕಳು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಎಲ್ಲಿ ನಿಂತಿದ್ದಾರೋ ಅಲ್ಲಿಂದ ಕಲಿಸಿದರು. ಅವರಿಗೆ 'ಬಾಲಸಖಿ' ಎಂದು ಹೆಸರು. ದೊಡ್ಡ ಡಿಗ್ರಿಯವರಲ್ಲ, ನಿಮ್ಮ ಬೀದಿಯ ಹುಡುಗಿಯರಂಥವರು. ಮಕ್ಕಳ ಅಂಕ ಏರಿತು, ತೀರಾ ಹಿಂದಿದ್ದವರದು ಹೆಚ್ಚು ಏರಿತು. ಇದನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇಬ್ಬರಿಗೆ 2019ರಲ್ಲಿ ನೊಬೆಲ್ ಬಂತು. ನಮ್ಮಲ್ಲೂ ಇದೇ ದಾರಿಯ 'ಓದು ಕರ್ನಾಟಕ' ಬಂತು, ಕೊರೋನಾದ ನಂತರ 2022-23ರಲ್ಲಿ 'ಕಲಿಕಾ ಚೇತರಿಕೆ' ಬಂತು. ಬಂದವು, ತರಬೇತಿಯಾಯಿತು, ಫೋಟೋ ಆಯಿತು. ಮತ್ತೆ ನೋಟ್ಸು.

"ಹಾಗೆ ಕೂತರೆ ಸಿಲಬಸ್ ಮುಗಿಸುವುದು ಯಾವಾಗ?" ಎನ್ನುತ್ತಾರೆ. ಓದಲು ಬಾರದ ಮಗುವಿಗೆ ಮುಗಿಸಿದ ಸಿಲಬಸ್ಸು ಯಾರ ಪಾಲಿಗೆ ಮುಗಿಯಿತು? ಹತ್ತನೆಯ ತರಗತಿಗೆ ಬಂದಾಗ ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಸ್ಪೆಷಲ್ ಕ್ಲಾಸು, ರಜೆಯಲ್ಲೂ ಸ್ಪೆಷಲ್ ಕ್ಲಾಸು. ಅದರಲ್ಲಿ ಕಾಲು ಭಾಗ ನಾಲ್ಕನೆಯ ತರಗತಿಯಲ್ಲಿ ಕೊಟ್ಟಿದ್ದರೆ ಸಾಕಿತ್ತು. ಫಲಿತಾಂಶದ ಬಣ್ಣವೂ 2024ರಲ್ಲಿ ಬಯಲಾಯಿತಲ್ಲ. ಪರೀಕ್ಷೆಯ ಕೋಣೆಗಳಿಗೆ ಕ್ಯಾಮೆರಾ ಬಂದ ಆ ವರ್ಷ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೂ, ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು.

ಇಂಗ್ಲಿಷ್ ಮೀಡಿಯಂ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆ ವಾದಿಸುವ ಶಕ್ತಿ ನನಗಿಲ್ಲ. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಆ ವಿಭಾಗ ತೆರೆಯಿತು. ಕನ್ನಡದಲ್ಲಿ ರಂಗೋಲಿ ಎಳೆಯುತ್ತಿದ್ದ ಕೈ ಇಂಗ್ಲಿಷಿನಲ್ಲಿ ಎಳೆಯುತ್ತದೆ, ನೋಟುಬುಕ್ಕಿನ ಬೆಲೆ ಮಾತ್ರ ಏರುತ್ತದೆ.

ಶಿಕ್ಷಕರ ಕಷ್ಟ ನಾನು ಬಲ್ಲೆ. ಮತದಾರರ ಪಟ್ಟಿ, ಗಣತಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಮಾಹಿತಿ, ಒಬ್ಬರಿಗೆ ಎರಡು ಮೂರು ತರಗತಿ. ಇವೆಲ್ಲ ನಿಜವಾದ ದೂರುಗಳು, ಇವುಗಳ ಮೇಲೆ ಜಗಳವಾಡೋಣ, ನಾನೂ ಬರುತ್ತೇನೆ. ಮಗುವಿನ ಅಜ್ಜಿಯ ಭಾಷೆಯ ಮೇಲೆ ದೂರು ಹೇಳುವುದು ಬೇಡ.

ಇನ್ನು ನಿಮ್ಮ ಮಾತು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಪಟ್ಟಿಯಲ್ಲಿ ಇರುತ್ತಾರೆ ಕೂಡ. ಸಭೆ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ, ಸದಸ್ಯೆ ಬೆಂಗಳೂರಿನಲ್ಲಿರುವ ಹೊತ್ತಿಗೆ! ರುಜು ಆಮೇಲೆ ಮನೆಗೆ ಬಂದು ಹಾಕಿಸಿಕೊಂಡು ಹೋಗುತ್ತಾರೆ. ಮೊದಲು ಆ ಸಭೆಯನ್ನು ಭಾನುವಾರಕ್ಕೆ ಹಾಕಿಸಿ. ಸುಣ್ಣಬಣ್ಣ, ಕಾಂಪೌಂಡು, ಬಾವುಟದ ಕಂಬದ ಚರ್ಚೆ ಮುಗಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಾಲ್ಕನೆಯ ತರಗತಿಯಲ್ಲಿ ಅಕ್ಷರ ಗೊತ್ತಿಲ್ಲದವರು ಎಷ್ಟು, ಪದ ಓದುವವರು ಎಷ್ಟು, ಕಥೆ ಓದುವವರು ಎಷ್ಟು? ರಿಜಿಸ್ಟರಿನಲ್ಲಿ ಹುಡುಕಿದರೆ ಸಿಗದ ಲೆಕ್ಕ ಅದು, ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಓದಿಸಿದರೆ ಮಾತ್ರ ಸಿಗುತ್ತದೆ. ದಿನಕ್ಕೆ ಒಂದು ಗಂಟೆ ಆ ಮೂರು ಗುಂಪನ್ನು ಬೇರೆ ಬೇರೆ ಕೂರಿಸುತ್ತೀರಾ ಎಂದೂ ಕೇಳಿ.

ಮನೆಯಲ್ಲಿ ನೋಟುಬುಕ್ಕು ತೆರೆಯಬೇಡಿ. ಬೋಂಡ ಕಟ್ಟಿ ತಂದ ಪೇಪರಿನ ತುಂಡು ಸಾಕು, "ಏನಿದೆ ನೋಡೋ" ಎಂದು ಮಗುವಿನ ಕೈಗೆ ಕೊಡಿ. ಓದಿದರೆ ಸಂತೋಷ. ಓದದಿದ್ದರೆ ಬೈಯಬೇಡಿ, ಟ್ಯೂಷನ್ನಿಗೂ ಓಡಿಸಬೇಡಿ. ಆ ತುಂಡನ್ನು ಮಡಿಸಿಟ್ಟುಕೊಂಡು ಭಾನುವಾರದ ಸಭೆಗೆ ತೆಗೆದುಕೊಂಡು ಬನ್ನಿ.