ಲಾಬಿಯ ವೃತ್ತಿಗೆ ಯಾವ ಪದವಿ?

ಕನ್ನಡದ ‘ವಶೀಲಿ’ ಮತ್ತು ಮರಾಠಿಯ ‘ವಶಿಲಾ’ ಒಂದೇ ಅರಬ್ಬೀ ಮೂಲದ ಶಬ್ದಗಳು. ಮೂಲದಲ್ಲಿ ಅದಕ್ಕೆ ಸಾಧನ, ಮಾಧ್ಯಮ ಎಂಬಷ್ಟೇ ಅರ್ಥ. ಗಡಿಯ ಎರಡೂ ಬದಿಗಳಲ್ಲಿ ಅದು ಹಿಂಬಾಗಿಲ ಶಿಫಾರಸಿನ ಅರ್ಥಕ್ಕೆ ಇಳಿದಿದೆ. ‘ಲಾಬಿ’ಗೂ ಕನ್ನಡ ಪತ್ರಿಕೆಗಳಲ್ಲಿ ಅದೇ ಗತಿ ಒದಗಿದೆ: ಸಚಿವ ಸ್ಥಾನಕ್ಕೆ ಲಾಬಿ, ಟಿಕೆಟ್ಟಿಗೆ ಲಾಬಿ, ವರ್ಗಾವಣೆಗೆ ಲಾಬಿ. ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಈ ವೃತ್ತಿಯನ್ನು ಹಿಡಿಯುವೆನೆಂದರೆ ಮನೆಯ ಹಿರಿಯರಿಗೆ ಅದು ದಲ್ಲಾಳಿತನವೆಂದೇ ತೋರುವುದು ಸಹಜ.

ಆದರೆ ವೃತ್ತಿಯಂತೂ ಬೆಳೆಯುತ್ತಿದೆ. ಕಂಪನಿಗಳು, ಉದ್ಯಮಿಗಳ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು ‘ಪಬ್ಲಿಕ್ ಪಾಲಿಸಿ’, ‘ಗವರ್ನಮೆಂಟ್ ಅಫೇರ್ಸ್’ ಎಂಬ ಹೆಸರುಗಳಲ್ಲಿ ಇದೇ ಕೆಲಸಕ್ಕೆ ಜನರನ್ನು ನೇಮಿಸಿಕೊಳ್ಳುತ್ತವೆ. ಸರ್ಕಾರದ ಕರಡು ನಿಯಮವನ್ನು ಓದುವುದು, ಅದು ಯಾರ ಮೇಲೆ ಹೇಗೆ ಎರಗುವುದೆಂದು ಲೆಕ್ಕ ಹಾಕುವುದು, ಆಕ್ಷೇಪವನ್ನು ಬರೆದು ಅಧಿಕಾರಿಗೂ ಶಾಸಕರಿಗೂ ವಿವರಿಸುವುದು ಇಲ್ಲಿಯ ನಿತ್ಯಕರ್ಮ. ಇದಕ್ಕೆ ಹತ್ತಿರದ ಹಳೆಯ ಶಬ್ದ ‘ವಕೀಲ’. ಪೇಶವೆಯರ ಕಾಲದಲ್ಲಿ ವಕೀಲನೆಂದರೆ ಕೋರ್ಟಿನ ವಾದಿಯಲ್ಲ, ಒಂದು ದರಬಾರಿನ ಪರವಾಗಿ ಮತ್ತೊಂದು ದರಬಾರಿನಲ್ಲಿ ನಿಂತು ಮಾತನಾಡುವವನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೈದರಾಬಾದಿನ ನಿಜಾಮನ ದರಬಾರಿನಲ್ಲಿ ಮರಾಠರ ವಕೀಲನಾಗಿದ್ದ ಗೋವಿಂದರಾವ್ ಕಾಳೆಯ ಪತ್ರಗಳನ್ನು ಇಂದಿಗೂ ಇತಿಹಾಸಕಾರರು ಓದುತ್ತಾರೆ.

ಈ ವೃತ್ತಿಗೆ ಯಾವ ಅರ್ಹತೆ ಬೇಕು ಎಂಬ ಪ್ರಶ್ನೆಗೆ ಮೊದಲ ಉತ್ತರ ನಿರಾಶೆಯದು: ಕಡ್ಡಾಯವಾದದ್ದು ಯಾವುದೂ ಇಲ್ಲ. ಅಮೆರಿಕೆಯ 1995ರ ಲಾಬಿ ಪ್ರಕಟಣಾ ಕಾಯಿದೆ ಲಾಬಿಗಾರನಿಂದ ನೋಂದಣಿಯನ್ನೂ ಕಾಲಕಾಲದ ವರದಿಯನ್ನೂ ಕೇಳುತ್ತದೆ, ಪರೀಕ್ಷೆಯನ್ನು ಕೇಳುವುದಿಲ್ಲ. ಭಾರತದಲ್ಲಿ ಅಂಥ ಕಾಯಿದೆಯೇ ಇಲ್ಲ. ವಾಲ್‌ಮಾರ್ಟ್ ಅಮೆರಿಕೆಯಲ್ಲಿ ಸಲ್ಲಿಸಿದ್ದ ಲಾಬಿ ವರದಿಗಳಲ್ಲಿ ಭಾರತದ ಉಲ್ಲೇಖವಿದ್ದುದು 2012ರಲ್ಲಿ ಸಂಸತ್ತಿನಲ್ಲಿ ಕೋಲಾಹಲಕ್ಕೆ ಕಾರಣವಾಗಿ, ಮರುವರ್ಷ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ನೇಮಕವಾಯಿತು. ಗದ್ದಲ ಅಡಗಿತು, ಕಾಯಿದೆ ಬರಲಿಲ್ಲ. ಆದ್ದರಿಂದ ‘ಪ್ರಮಾಣಿತ ಲಾಬಿಗಾರ’ನನ್ನಾಗಿ ಮಾಡುವೆವೆಂದು ಯಾವ ಸರ್ಟಿಫಿಕೇಟ್ ಕೋರ್ಸು ಸಾರಿದರೂ ಅದರಿಂದ ಈ ದೇಶದಲ್ಲಿ ಯಾವ ಬಾಗಿಲೂ ತಾನಾಗಿ ತೆರೆಯದು. ವಾಷಿಂಗ್ಟನ್ನಿನ ಅಥವಾ ಬ್ರಸೆಲ್ಸಿನ ಕೋರ್ಸುಗಳು ಕಲಿಸುವುದು ಅಲ್ಲಿಯ ಪದ್ಧತಿಗಳನ್ನು. ಅಲ್ಲಿ ನೆಲೆಸುವವರಿಗೆ ಅವು ಸರಿ.

ಪ್ರಮಾಣಪತ್ರಕ್ಕಿಂತ ಮೊದಲು ಕೆಲಸದ ಗಡಿಯನ್ನು ತಿಳಿಯಬೇಕು. 1848ರಲ್ಲಿ ಮೆಕ್ಸಿಕೊದೊಡನೆ ಶಾಂತಿ ಒಪ್ಪಂದವನ್ನು ಕುದುರಿಸಿದ ಅಮೆರಿಕೆಯ ರಾಯಭಾರಿ ನಿಕೊಲಸ್ ಟ್ರಿಸ್ಟ್‌ಗೆ ಅದರ ಸಂಭಾವನೆ ಬಹುಕಾಲ ದೊರೆಯಲಿಲ್ಲ. ಕಾಂಗ್ರೆಸ್ಸಿನಿಂದ ಅದನ್ನು ಮಂಜೂರು ಮಾಡಿಸಿಕೊಟ್ಟರೆ ಶೇ. 25 ಕೊಡುವೆನೆಂದು ಆತ ಚೈಲ್ಡ್ ಎಂಬುವವರೊಡನೆ ಕರಾರು ಮಾಡಿಕೊಂಡ. 1871ರಲ್ಲಿ ಹಣ ಮಂಜೂರಾಯಿತು, ಪಾಲು ಕೊಡಲು ಟ್ರಿಸ್ಟ್ ಒಪ್ಪಲಿಲ್ಲ. ‘ಟ್ರಿಸ್ಟ್ ವಿರುದ್ಧ ಚೈಲ್ಡ್’ ಮೊಕದ್ದಮೆಯಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು ಎಳೆದ ಗೆರೆ ಇಂದಿಗೂ ಉಪಯುಕ್ತವಾಗಿದೆ. ಅರ್ಜಿ ಬರೆಯುವುದು, ಸಂಗತಿಗಳನ್ನು ಕೂಡಿಹಾಕುವುದು, ವಾದವನ್ನು ಸಿದ್ಧಪಡಿಸಿ ಸಮಿತಿಯ ಮುಂದಿಡುವುದು ಗೌರವದ ದುಡಿಮೆ. ಸದಸ್ಯರ ಬೆನ್ನುಹತ್ತಿ ವೈಯಕ್ತಿಕ ಪ್ರಭಾವ ಬೀರುವುದಕ್ಕೆ ಮಾಡಿಕೊಂಡ ಕರಾರು ನಿಲ್ಲದು. ಭಾರತದಲ್ಲಿಯೂ ಗೆರೆ ಇದೆ. ಸರ್ಕಾರಿ ನೌಕರಿ ಕೊಡಿಸುವೆನೆಂದು ಹಣದ ಕರಾರು ಮಾಡಿಕೊಂಡರೆ ಅದು ಅಸಿಂಧುವೆಂಬುದು 1872ರ ಕರಾರು ಕಾಯಿದೆಯ 23ನೆಯ ಕಲಮಿನಲ್ಲಿಯೇ ಕೊಟ್ಟಿರುವ ಉದಾಹರಣೆ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಸೇರಿದ 7ಎ ಕಲಮು, ವೈಯಕ್ತಿಕ ಪ್ರಭಾವವನ್ನು ಮಾರಿಕೊಳ್ಳುವವನನ್ನು ಜೈಲಿಗೇ ಕಳಿಸಬಲ್ಲದು.

ಈ ಗೆರೆಯೇ ಪದವಿಯ ಆಯ್ಕೆಗೂ ದಾರಿ ತೋರುತ್ತದೆ. ಕಲಾ ವಿಭಾಗದ ಪದವೀಧರನಿಗೆ ಮೊದಲು ಸೂಚಿಸಬೇಕಾದದ್ದು ಮೂರು ವರ್ಷದ ಕಾನೂನು ಪದವಿ. ಮಹಾರಾಷ್ಟ್ರದಲ್ಲಿ ಅದಕ್ಕೆ ಸಿ.ಇ.ಟಿ. ಬರೆಯಬೇಕು. ಕಾಯಿದೆ, ನಿಯಮ, ಅಧಿಸೂಚನೆಗಳ ನಡುವಿನ ವ್ಯತ್ಯಾಸ ಅಲ್ಲಿ ಕಲಿತಷ್ಟು ಗಟ್ಟಿಯಾಗಿ ಬೇರೆಲ್ಲಿಯೂ ಕೂಡುವುದಿಲ್ಲ. ವೃತ್ತಿ ಕೈಹಿಡಿಯದಿದ್ದರೂ ಸನದು ಅನ್ನ ಕೊಡುತ್ತದೆ. ಆದರೆ ಒಂದು ಎಚ್ಚರ: ಬಾರ್ ಕೌನ್ಸಿಲಿನ ನಿಯಮದಂತೆ ವಕೀಲನು ಪೂರ್ಣಾವಧಿಯ ಸಂಬಳದ ನೌಕರಿ ಹಿಡಿದರೆ ವಕಾಲತ್ತನ್ನು ನಿಲ್ಲಿಸಬೇಕು. ಎರಡು ದೋಣಿಗಳಲ್ಲಿ ಕಾಲಿಡಲಾಗದು. ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇತ್ತೀಚಿನದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಲ್ಲಿ ಅದು ಆರಂಭವಾಯಿತು. ಅರ್ಥಶಾಸ್ತ್ರ, ಅಂಕಿಸಂಖ್ಯೆಗಳ ಕಡೆ ಒಲವಿದ್ದವರಿಗೆ ಅದು ಒಳ್ಳೆಯದು, ಆದರೆ ಖರ್ಚಿನ ಹಾದಿ. ತಕ್ಷಶಿಲಾ ಸಂಸ್ಥೆಯಂಥವು ನಡೆಸುವ ಕೆಲವೇ ತಿಂಗಳುಗಳ ಕೋರ್ಸುಗಳು ಈಗಾಗಲೇ ನೌಕರಿಯಲ್ಲಿದ್ದು ಮೇಲೇರಬಯಸುವವರಿಗೆ ತಕ್ಕವು.

ಪದವಿಯೇ ಅಲ್ಲದ ಒಂದು ಅರ್ಹತೆ ಇವೆಲ್ಲಕ್ಕಿಂತ ಹೆಚ್ಚು ತೂಗೀತು. ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ 2010ರಿಂದ ನಡೆಸುತ್ತಿರುವ ‘ಲ್ಯಾಂಪ್’ ಫೆಲೋಶಿಪ್ಪಿನಲ್ಲಿ ಯುವ ಪದವೀಧರರು ಸಂಸತ್ ಸದಸ್ಯರೊಬ್ಬರ ಸಹಾಯಕರಾಗಿ ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ದುಡಿಯುತ್ತಾರೆ. ವಿಷಯದ ಕಟ್ಟುಪಾಡಿಲ್ಲ, ಕನ್ನಡ ಓದಿದವರೂ ಅರ್ಜಿ ಹಾಕಬಹುದು. ವಯಸ್ಸಿನ ಮಿತಿ ಇಪ್ಪತ್ತೈದು. ಆದ್ದರಿಂದ ಇದನ್ನು ಆಮೇಲೆ ನೋಡೋಣವೆಂದು ಮುಂದೂಡುವಂತಿಲ್ಲ.

ಇನ್ನು ಭಾಷೆ. 2020ರ ಮಾರ್ಚಿನ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಹೊರಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದಿಲ್ಲಿ ಹೈಕೋರ್ಟು ಜೂನ್ 30ರಂದು ಆದೇಶಿಸಿತು. ತನಗೆ ತಿಳಿಯದ ಭಾಷೆಯ ಕರಡಿಗೆ ಯಾರೂ ಆಕ್ಷೇಪ ಬರೆಯಲಾರರು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಶಾಲೆಗಳ ಪರವಾದ ಮನವಿಗಳ ಕಥೆಯೂ ಇದೇ. ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೂ ಇದ್ದಾರೆ. ಆದರೂ ಬಹುತೇಕ ಮನವಿಗಳು ಅರ್ಧ ಪುಟ ಅಭಿಮಾನ, ಅರ್ಧ ಪುಟ ಆಕ್ರೋಶ. ಶಿಕ್ಷಕರ ಹುದ್ದೆಯನ್ನು ಯಾವ ಆದೇಶದಡಿ, ಯಾವ ಅಧಿಕಾರಿ ತುಂಬಬೇಕು ಎಂಬುದೇ ಅವುಗಳಲ್ಲಿ ಇರುವುದಿಲ್ಲ. ‘ಶಾಸನ ನಿರ್ಣಯ’ವನ್ನು ಶಾಸನವೆಂದೇ ಕನ್ನಡಿಸಿಬಿಡುವವರೂ ಇದ್ದಾರೆ. ಮರಾಠಿಯ ಶಾಸನವೆಂದರೆ ಸರ್ಕಾರ, ಕನ್ನಡದಲ್ಲಿ ಅದು ಕಾಯಿದೆ ಅಥವಾ ಕಲ್ಲಬರಹ. ಜಿ.ಆರ್. ಎಂಬುದು ಬರೀ ಸರ್ಕಾರಿ ಆದೇಶ, ಅದನ್ನು ತಿದ್ದಿಸಲು ವಿಧಾನಸಭೆಯ ತನಕ ಹೋಗಬೇಕಾಗಿಲ್ಲ.

ಈ ಒಂದು ವ್ಯತ್ಯಾಸವನ್ನು ತಿಳಿದ ದ್ವಿಭಾಷಿ ಪದವೀಧರನಿಗೆ ಊರಿನಲ್ಲಿಯೇ ಕೆಲಸವಿದೆ, ಅದಕ್ಕೆ ಸಂಬಳವಿಲ್ಲವೆಂಬುದೇ ಕೊರತೆ. ಹಣದ ನೌಕರಿ ಮುಂಬಯಿ, ದಿಲ್ಲಿಗಳಲ್ಲಿದೆ, ಅಲ್ಲಿ ಇಂಗ್ಲಿಷ್ ಬರಹ ಚೊಕ್ಕಟವಾಗಿರಲೇಬೇಕು. ಯಾವುದೇ ಕೋರ್ಸಿಗೆ ಸೇರುವ ಮುನ್ನ ಅದರ ಪಠ್ಯಕ್ರಮವನ್ನು ತರಿಸಿ ನೋಡಬೇಕು: ನಿಜವಾದ ಒಂದು ಮಸೂದೆಯನ್ನು ವಿದ್ಯಾರ್ಥಿಯ ಕೈಗಿತ್ತು ಟಿಪ್ಪಣಿ ಬರೆಸುತ್ತಾರೆಯೇ? ಬರೆದದ್ದನ್ನು ಯಾರಾದರೂ ತಿದ್ದುತ್ತಾರೆಯೇ? ಇಲ್ಲವಾದರೆ ಆ ಹಣವನ್ನು ಸೋಲಾಪುರದಲ್ಲಿ ಕಾನೂನು ಪದವಿಯ ಮೊದಲ ವರ್ಷದ ಶುಲ್ಕಕ್ಕೆ ತೆಗೆದಿರಿಸುವುದು ಲೇಸು.