ದಿಕ್ಕನ್ನು ಮರೆತ ಲೆಕ್ಕ

ಪ್ರಥಮ ಪಿಯುಸಿ ಓದುತ್ತಿರುವ ಹುಡುಗನೊಬ್ಬನು ಕಳೆದ ತಿಂಗಳು ಭೌತಶಾಸ್ತ್ರದ ಪಾಠ ಹೇಳಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದನು. ಸಂವೇಗ ಸಂರಕ್ಷಣೆಯ ನಿಯಮವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು. ಆಗ ನಾವು ಸಣ್ಣದೊಂದು ಲೆಕ್ಕ ಕೊಟ್ಟೆವು.

2 ಕಿಲೋಗ್ರಾಂ ದ್ರವ್ಯರಾಶಿಯ ಪುಟ್ಟ ಬಂಡಿಯೊಂದು ಸೆಕೆಂಡಿಗೆ 3 ಮೀಟರ್ ವೇಗದಿಂದ ಬಲಕ್ಕೆ ಹೋಗುತ್ತಿದೆ. 1 ಕಿಲೋಗ್ರಾಮಿನ ಇನ್ನೊಂದು ಬಂಡಿ ಸೆಕೆಂಡಿಗೆ 6 ಮೀಟರ್ ವೇಗದಿಂದ ಅದಕ್ಕೆ ಎದುರಾಗಿ ಬರುತ್ತಿದೆ. ನೆಲದ ಘರ್ಷಣೆಯನ್ನು ಗಣಿಸುವುದು ಬೇಡ. ಡಿಕ್ಕಿಯಾಗಿ ಎರಡೂ ಅಂಟಿಕೊಂಡರೆ ಮುಂದೇನು?

ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಹುಡುಗನು ಆರಕ್ಕೆ ಆರು ಕೂಡಿಸಿ, ಹನ್ನೆರಡನ್ನು ಮೂರರಿಂದ ಭಾಗಿಸಿ, “ಸೆಕೆಂಡಿಗೆ 4 ಮೀಟರ್” ಎಂದನು.

“ಯಾವ ಕಡೆಗಪ್ಪಾ?” ಎಂದು ಕೇಳಿದೆವು.

ಅವನು ಸುಮ್ಮನಾದನು. ನಾವೂ ಅವಸರಪಡಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಎರಡರ ಸಂವೇಗವೂ ಸಮ. ಯಾವ ಕಡೆಗೂ ಹೋಗಲು ಕಾರಣವೇ ಇಲ್ಲ, ಸರ್. ಎರಡೂ ನಿಂತುಬಿಡುತ್ತವೆ” ಎಂದನು. ಅದೇ ಸರಿಯಾದ ಉತ್ತರ. ಸಂವೇಗಕ್ಕೆ ದಿಕ್ಕುಂಟು. ಬಲದ ಆರನ್ನೂ ಎಡದ ಆರನ್ನೂ ಕೂಡಿಸಿದರೆ ಡಿಕ್ಕಿಗೆ ಮೊದಲೂ ಸೊನ್ನೆ, ಅನಂತರವೂ ಸೊನ್ನೆ. ಇಲ್ಲವಾದುದು ಚಲನಶಕ್ತಿ ಮಾತ್ರ. ಅದು ಶಾಖವಾಗಿ, ಸದ್ದಾಗಿ, ಬಂಡಿಯ ನಗ್ಗಾಗಿ ಮಾರ್ಪಟ್ಟಿತು.

ಹುಡುಗನು ನಾಚಿಕೊಂಡಾಗ ನಾವು ಚರಿತ್ರೆಯನ್ನು ನೆನಪಿಸಿದೆವು. ಫ್ರಾನ್ಸಿನ ಮಹಾಮೇಧಾವಿ ರೆನೆ ಡೆಕಾರ್ಟ್ 1644ರ ತನ್ನ ಗ್ರಂಥದಲ್ಲಿ ಡಿಕ್ಕಿಯ ನಿಯಮಗಳನ್ನು ಬರೆದಾಗ ಇದೇ ರೀತಿ ದಿಕ್ಕನ್ನು ಬಿಟ್ಟು ಚಲನೆಯನ್ನು ಎಣಿಸಿದ್ದನು. ಅವನ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೇಲೆ ವಾಲಿಸ್, ರೆನ್, ಹೈಗೆನ್ಸ್ ಮೂವರೂ ಅದನ್ನು ತಿದ್ದಿದರು. ಡೆಕಾರ್ಟನೇ ಎಡವಿದ ಕಲ್ಲಿಗೆ ಮಗು ಎಡವಿದರೆ ಗದರಿಸುವುದೇಕೆ?

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಲೆಕ್ಕದೊಳಗೆ ಯಾರು ಯಾರಿದ್ದಾರೆ? ಗೋಡೆಗೆ ಬಡಿದ ಚೆಂಡು ಹಿಂದಿರುಗಿದಾಗ ಅದರ ಸಂವೇಗ ಬದಲಾಗುತ್ತದೆ. ಹಾಗೆಂದು ನಿಯಮ ಸುಳ್ಳಾಗದು. ಗೋಡೆಯನ್ನೂ, ಗೋಡೆಯನ್ನು ಹೊತ್ತ ಭೂಮಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ತಂದೆತಾಯಿಗಳೇ, ಮಕ್ಕಳು ಸೂತ್ರ ಒಪ್ಪಿಸಿದೊಡನೆ ತೃಪ್ತರಾಗಬೇಡಿ. ಕೇರಂ ಹಲಗೆಯ ಮುಂದೆ ಕುಳಿತು, ಸ್ಟ್ರೈಕರ್ ಬಿಡುವ ಮುನ್ನ “ಕಾಯಿ ಯಾವ ಕಡೆಗೆ ಹೋದೀತು, ಏಕೆ?” ಎಂದು ಕೇಳಿ. ಉತ್ತರಕ್ಕಾಗಿ ಕಾಯಿರಿ. ಮಗು ಮೌನವಾಗಿರುವ ಆ ಹೊತ್ತಿನಲ್ಲಿಯೇ ವಿದ್ಯೆ ಬೇರೂರುತ್ತದೆ.